ಹಾರ ಹೊರಗೆ, ಮಾತು ಒಳಗೆ

ನವೆಂಬರ್ ಹತ್ತಿರ ಬಂತೆಂದರೆ ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಶಾಲೆಗಳಿಂದ ಫೋನ್ ಶುರುವಾಗುತ್ತದೆ. ಮಕ್ಕಳೇ ಸದಸ್ಯರಾಗಿ ಸದನದ ಕಲಾಪ ನಡೆಸಿ ತೋರಿಸುವ ಯುವ ಸಂಸತ್ತು ಸ್ಪರ್ಧೆಗೆ ಅವರನ್ನು ತಯಾರು ಮಾಡುವ ಮಾಸ್ತರು, ಅಕ್ಕೋರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಸರ್, ಮಕ್ಕಳ ದಿನಾಚರಣೆಯೂ ಇದೆಯಲ್ಲ, ಸದನದೊಳಗೆ ನೆಹರೂ ಫೋಟೋ ಇಟ್ಟು ಹಾರ ಹಾಕಿಸಬಹುದಾ?’ ವಿಧಾನಸಭೆಯಲ್ಲಿ ವರದಿಗಾರನಾಗಿ ಕೂತು, ಬೇರೆಯವರ ಮಾತು ಬರೆದುಕೊಂಡೇ ನೌಕರಿ ಮುಗಿಸಿದವನು ನಾನು. ಹಾಗಾಗಿ ನನಗೆ ಗೊತ್ತಿರುತ್ತದೆ ಎಂಬ ನಂಬಿಕೆ. ಉತ್ತರ ಚಿಕ್ಕದು: ಹಾರ ಹೊರಗೆ, ಮಾತು ಒಳಗೆ. ಕಾರಣ ಮಾತ್ರ ಸ್ವಲ್ಪ ಉದ್ದ ಇದೆ.

ಮೊದಲು ಹೊರಗಿನದು. ನವೆಂಬರ್ 14ಕ್ಕೆ ವಿಧಾನಸೌಧದ ಆವರಣದಲ್ಲಿ ನೆಹರೂ ಪ್ರತಿಮೆಗೆ ಮಾಲಾರ್ಪಣೆ. ಅಕ್ಟೋಬರ್ 2ಕ್ಕೆ ಗಾಂಧೀಜಿಗೆ, ಏಪ್ರಿಲ್ 14ಕ್ಕೆ ಅಂಬೇಡ್ಕರ್ ಅವರಿಗೆ. ಮುಖ್ಯಮಂತ್ರಿ, ಮಂತ್ರಿಗಳು ಬರುತ್ತಾರೆ, ಟಿವಿಯಲ್ಲಿ ಬರುತ್ತದೆ. ನೋಡಿದವರು ಇದನ್ನೇ ವಿಧಾನಸಭೆ ಸಲ್ಲಿಸಿದ ಗೌರವ ಅಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಸರ್ಕಾರದ ಕಾರ್ಯಕ್ರಮ. ಆ ದಿನಗಳಲ್ಲಿ ಸದನ ಸೇರಿರುವುದೇ ಅಪರೂಪ. ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ನಡೆಯುವುದು ಡಿಸೆಂಬರ್‌ನಲ್ಲಿ, ಅದೂ ಬೆಳಗಾವಿಯಲ್ಲಿ. ಮಕ್ಕಳಿಗೆ ಕೊಡುವ ಶೌರ್ಯ ಪ್ರಶಸ್ತಿಯೂ ಹಾಗೆಯೇ. ಗಂಡುಮಕ್ಕಳಿಗೆ ಹೊಯ್ಸಳ ಪ್ರಶಸ್ತಿ, ಹೆಣ್ಣುಮಕ್ಕಳಿಗೆ ಕೆಳದಿ ಚೆನ್ನಮ್ಮ ಪ್ರಶಸ್ತಿ ಇದೆ. ಅದನ್ನು ಕೊಡುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ. ಒಳ್ಳೆಯ ಕಾರ್ಯಕ್ರಮಗಳೇ. ಆದರೆ ಇವು ಯಾವುವೂ ಸದನದ ನಡಾವಳಿಗೆ, ಅಂದರೆ ಒಳಗೆ ಆಡಿದ ಮಾತಿನ ಅಧಿಕೃತ ದಾಖಲೆಗೆ, ಬರುವುದಿಲ್ಲ. ನಾಳೆ ಯಾರಾದರೂ ನಡಾವಳಿಯ ಸಂಪುಟ ತೆರೆದರೆ ಹಾರದ ಒಂದು ಎಸಳೂ ಸಿಗುವುದಿಲ್ಲ.

ಹಾಗಾದರೆ ಸದನ ಅಂತ ತಾನೇ ಗೌರವ ಸಲ್ಲಿಸುವುದು ಯಾವಾಗ? ಅಗಲಿದವರಿಗೆ, ಸಂತಾಪ ಸೂಚನೆಯ ಮೂಲಕ. ಅಧಿವೇಶನ ಶುರುವಾಗುವಾಗ ಹಿಂದಿನ ಅಧಿವೇಶನದಿಂದ ಈಚೆಗೆ ತೀರಿಕೊಂಡವರ ಹೆಸರುಗಳನ್ನು ಸಭಾಧ್ಯಕ್ಷರು ಓದುತ್ತಾರೆ. ಮಾಜಿ ಶಾಸಕರು, ಮಾಜಿ ಮಂತ್ರಿಗಳು, ರಾಷ್ಟ್ರ ನಾಯಕರು, ಸಾಹಿತಿಗಳು, ಕಲಾವಿದರು ಇರುತ್ತಾರೆ. ಒಬ್ಬೊಬ್ಬರ ಬಗ್ಗೆಯೂ ಒಂದು ಪುಟ್ಟ ಟಿಪ್ಪಣಿ: ಎಲ್ಲಿ ಹುಟ್ಟಿದರು, ಯಾವ ಕ್ಷೇತ್ರ, ಯಾವ ವರ್ಷ ಗೆದ್ದರು, ಯಾವ ಖಾತೆ ನೋಡಿಕೊಂಡರು. ಆಮೇಲೆ ಮುಖ್ಯಮಂತ್ರಿ, ವಿರೋಧ ಪಕ್ಷದ ನಾಯಕರು, ಉಳಿದ ಪಕ್ಷದವರು ಮಾತಾಡುತ್ತಾರೆ. ಕೊನೆಗೆ ಎಲ್ಲರೂ ಎದ್ದು ನಿಂತು ಮೌನ. ವರದಿಗಾರ ಅಷ್ಟು ಹೊತ್ತು ಪೆನ್ನು ಕೆಳಗಿಡುತ್ತಾನೆ. ನಡಾವಳಿಯಲ್ಲಿ ಕಂಸದೊಳಗೆ ಒಂದೇ ಸಾಲು ಬರುತ್ತದೆ, ಸದಸ್ಯರು ಎದ್ದು ನಿಂತು ಮೌನ ಆಚರಿಸಿದರು ಅಂತ. ನಿರ್ಣಯದ ಪ್ರತಿ ಮೃತರ ಮನೆಯವರಿಗೆ ಹೋಗುತ್ತದೆ. ತೀರಿಕೊಂಡವರು ಹಾಲಿ ಸದಸ್ಯರಾಗಿದ್ದರೆ ಆ ದಿನದ ಕಲಾಪವನ್ನೇ ಮುಂದೂಡುವುದು ರೂಢಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಬೇರೆ ಯಾವ ನಿರ್ಣಯ ಬಂದರೂ ಸಭಾಧ್ಯಕ್ಷರು ಮತಕ್ಕೆ ಹಾಕುತ್ತಾರೆ. ಪರವಾಗಿರುವವರು ಹೌದು ಅನ್ನಬೇಕು, ವಿರೋಧ ಇರುವವರು ಇಲ್ಲ ಅನ್ನಬೇಕು. ಸಂತಾಪಕ್ಕೆ ಆ ಪ್ರಶ್ನೆಯೇ ಇಲ್ಲ. ಎದ್ದು ನಿಲ್ಲುವುದೇ ಒಪ್ಪಿಗೆ. ಅಂದರೆ ಬರೆಯುವವನ ಮೇಲೆ ದೊಡ್ಡ ಹೊಣೆ ಬಿತ್ತು. ಮೃತರ ಜೊತೆ ಜೀವಮಾನ ಪೂರ್ತಿ ಜಗಳ ಆಡಿದವನೂ ಎದ್ದು ನಿಲ್ಲುವಂತೆ ಆ ಟಿಪ್ಪಣಿ ಇರಬೇಕು. ಅದಕ್ಕೇ ಅದು ಚಿಕ್ಕದು, ಅದಕ್ಕೇ ಅದರಲ್ಲಿ ಹೊಗಳಿಕೆ ಕಡಿಮೆ, ಇಸವಿ ಜಾಸ್ತಿ.

ಮಕ್ಕಳಿಗೆ ಇದನ್ನು ಅಭ್ಯಾಸ ಮಾಡಿಸಬೇಕಾದರೆ ನಾನು ಕೊಡುವ ಹೆಸರು ರಾಮಕೃಷ್ಣ ಹೆಗಡೆ. ಸಿದ್ದಾಪುರದ ದೊಡ್ಮನೆಯವರು, ಇಲ್ಲಿಯ ಎಲ್ಲ ಮಕ್ಕಳಿಗೂ ಹೆಸರು ಗೊತ್ತು. ಹತ್ತು ಸಾಲಿನಲ್ಲಿ ಅವರ ಬಗ್ಗೆ ಸಂತಾಪ ಟಿಪ್ಪಣಿ ಬರೆಯಿರಿ, ಕಾಂಗ್ರೆಸ್ಸಿನವರೂ ಜನತಾ ಪರಿವಾರದವರೂ ಎದ್ದು ನಿಲ್ಲಬೇಕು ಅಂತ ಹೇಳುತ್ತೇನೆ. ಮೊದಲ ಕರಡು ಯಾವಾಗಲೂ ಒಂದೇ ಥರ: ‘ನಾಡು ಕಂಡ ಅಪ್ರತಿಮ ಮುತ್ಸದ್ದಿ, ತುಂಬಲಾರದ ನಷ್ಟ.’ ಇದನ್ನು ಯಾರಿಗೆ ಬೇಕಾದರೂ ಬರೆಯಬಹುದಲ್ವಾ? ಹೆಸರು ಬದಲಿಸಿದರೆ ಆಯ್ತು. ಆಮೇಲೆ ಕೂತು ಹುಡುಕುತ್ತಾರೆ. 1926ರಲ್ಲಿ ಜನನ. 1957ರಲ್ಲಿ ವಿಧಾನಸಭೆಗೆ. 1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ. ಅದೇ ವರ್ಷದ ಪಂಚಾಯತ್ ರಾಜ್ ಕಾಯ್ದೆ, ಅದರಲ್ಲಿ ಮಹಿಳೆಯರಿಗೆ ಶೇಕಡಾ 25 ಮೀಸಲು. 1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆ. 1988ರಲ್ಲಿ ರಾಜೀನಾಮೆ. 2004ರ ಜನವರಿ 12ರಂದು ನಿಧನ. ಈಗ ಟಿಪ್ಪಣಿಗೆ ಜೀವ ಬಂತು.

ಒಂದು ತಂಡದ ಹುಡುಗಿ ಕೇಳಿದಳು: ‘ರಾಜೀನಾಮೆ ಯಾಕೆ ಕೊಟ್ಟರು ಅಂತ ಬರೆಯಬೇಕಾ ಸರ್?’ ಕಾರಣ ದೂರವಾಣಿ ಕದ್ದಾಲಿಕೆಯ ಆರೋಪ. ಒಳ್ಳೆ ಪ್ರಶ್ನೆ. ಸಂತಾಪ ಟಿಪ್ಪಣಿಯಲ್ಲಿ ರಾಜೀನಾಮೆಯ ಇಸವಿ ಬರುತ್ತದೆ, ಕಾರಣ ಬರುವುದಿಲ್ಲ. ಇದು ಮುಚ್ಚಿಡುವುದಲ್ಲವೇ ಅನ್ನಬಹುದು. ಕದ್ದಾಲಿಕೆಯ ಚರ್ಚೆ ಬೇಕಾದವರು ಆ ಕಾಲದ ನಡಾವಳಿ, ಪತ್ರಿಕೆ ನೋಡಲಿ, ಅಲ್ಲಿ ಬೇಕಾದಷ್ಟಿದೆ. ಸಂತಾಪದ ಕೆಲಸ ಬೇರೆ. ಅದರಲ್ಲಿ ಸುಳ್ಳು ಸೇರಿಸಬಾರದು, ಅಷ್ಟೇ ಗಟ್ಟಿ ನಿಯಮ. ಇಲ್ಲದ ಗುಣ ಹೇಳುವುದಕ್ಕಿಂತ ಇದ್ದ ಇಸವಿ ಹೇಳುವುದು ಮೇಲು.

ನಮ್ಮ ಜಿಲ್ಲೆಯ ಇನ್ನೊಂದು ವಿಚಾರ ಮಾಸ್ತರುಗಳಿಗೆ ಗೊತ್ತಿರಲಿ. 1956ರ ನವೆಂಬರ್ 1ರವರೆಗೆ ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿತ್ತು. ಅದಕ್ಕೆ ಮೊದಲಿನ ನಮ್ಮ ಶಾಸಕರು ಕೂತಿದ್ದು ಮುಂಬೈ ಸದನದಲ್ಲಿ. ಅವರ ಮಾತು ಹುಡುಕುವವರು ಬೆಂಗಳೂರಿನಲ್ಲಿ ಹುಡುಕಿ ಪ್ರಯೋಜನ ಇಲ್ಲ. ಯುವ ಸಂಸತ್ತನ್ನು ಲೋಕಸಭೆಯ ಮಾದರಿಯಲ್ಲಿ ಮಾಡುವವರಿಗೆ ಅಂಕೋಲೆಯ ದಿನಕರ ದೇಸಾಯಿ ಇದ್ದಾರೆ. ಚುಟುಕದ ಕವಿ ಅಂತಷ್ಟೇ ಮಕ್ಕಳಿಗೆ ಗೊತ್ತು. ರೈತರ ಪರ ಹೋರಾಡಿ ಬ್ರಿಟಿಷರಿಂದ ಗಡಿಪಾರಾಗಿದ್ದು, 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದ್ದು, 1967ರಲ್ಲಿ ಪಕ್ಷೇತರರಾಗಿ ಲೋಕಸಭೆಗೆ ಗೆದ್ದಿದ್ದು ಗೊತ್ತಿರುವುದಿಲ್ಲ. ಪ್ರತಿ ಸಲ ಗಾಂಧಿ, ನೆಹರೂ ಇಬ್ಬರನ್ನೇ ಯಾಕೆ ಹಿಡಿದುಕೊಳ್ಳಬೇಕು? 1930ರಲ್ಲಿ ಉಪ್ಪಿನ ಕಾನೂನು ಮುರಿದ ಅಂಕೋಲೆ ಇಲ್ಲೇ ಇದೆ.

ಇನ್ನು ಗೋಡೆ ಮೇಲಿನ ಚಿತ್ರಗಳು. ಇಲ್ಲಿಯೇ ಜಗಳ ಜಾಸ್ತಿ. 2022ರ ಡಿಸೆಂಬರ್ 19ರಂದು ಬೆಳಗಾವಿಯ ಸುವರ್ಣ ವಿಧಾನಸೌಧದ ವಿಧಾನಸಭಾ ಸಭಾಂಗಣದಲ್ಲಿ ಏಳು ಭಾವಚಿತ್ರಗಳ ಅನಾವರಣ ಆಯಿತು. ಬಸವಣ್ಣ, ವಿವೇಕಾನಂದ, ಗಾಂಧಿ, ಅಂಬೇಡ್ಕರ್, ಸುಭಾಷ್, ಪಟೇಲ್, ಸಾವರ್ಕರ್. ಆಗ ಸಭಾಧ್ಯಕ್ಷರಾಗಿದ್ದವರು ನಮ್ಮ ಶಿರಸಿಯ ವಿಶ್ವೇಶ್ವರ ಹೆಗಡೆ ಕಾಗೇರಿ. ಸಾವರ್ಕರ್ ಚಿತ್ರಕ್ಕೆ ಕಾಂಗ್ರೆಸ್ ವಿರೋಧಿಸಿತು. ನೆಹರೂ ಯಾಕಿಲ್ಲ, ಕುವೆಂಪು ಯಾಕಿಲ್ಲ ಎಂದು ಶಾಸಕರು ಹೊರಗೆ ಚಿತ್ರ ಹಿಡಿದು ಕೂತರು. ನಮ್ಮನ್ನು ಕೇಳಲೇ ಇಲ್ಲ ಎನ್ನುವುದು ಅವರ ಮುಖ್ಯ ದೂರುಗಳಲ್ಲಿ ಒಂದು.

ಯಾರ ಚಿತ್ರ ಇರಬೇಕಿತ್ತು ಅನ್ನುವುದಕ್ಕೆ ನಾನು ಹೋಗುವುದಿಲ್ಲ, ಶಿರಸಿ ಪೇಟೆಯಲ್ಲಿ ಚಹಾ ಕುಡಿಯುತ್ತಾ ಆ ಚರ್ಚೆ ಇನ್ನೂ ನಡೆಯುತ್ತದೆ. ನನಗೆ ಕಾಣುವುದು ಕ್ರಮದ ತೊಡಕು. ಸಂತಾಪದಲ್ಲಿ ಎಲ್ಲರೂ ನಿಲ್ಲುವಂತೆ ಮಾಡುವ ಶಿಸ್ತು ಇದೆ. ಗೋಡೆಯ ಚಿತ್ರಕ್ಕೆ ಅಷ್ಟು ಬಿಗಿಯಾದ ರೂಢಿ ಬೆಳೆದಿಲ್ಲ. ಬಹುಮತ ಇದ್ದವರು ಮೊಳೆ ಹೊಡೆಯಬಹುದು, ನಾಳೆ ಬಹುಮತ ಬಂದವರು ಕೀಳಬಹುದು. ದಿಲ್ಲಿಯಲ್ಲಿ ಇದಕ್ಕೆ ಅಂತಲೇ ಎರಡೂ ಸದನದ ಸದಸ್ಯರ ಸಮಿತಿ ಇತ್ತು. ಆದರೂ 2003ರ ಫೆಬ್ರವರಿ 26ರಂದು ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಸಾವರ್ಕರ್ ಭಾವಚಿತ್ರ ಅನಾವರಣ ಮಾಡಿದಾಗ ವಿರೋಧ ಪಕ್ಷಗಳು ಬಹಿಷ್ಕರಿಸಿದವು. ಸಮಿತಿ ಇದ್ದಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತ ನಾನೂ ಹೇಳಲಾರೆ. ಆದರೆ ಕೇಳದೇ ಮಾಡುವುದಕ್ಕಿಂತ ಕೇಳಿ ಮಾಡಿದ್ದು ಹೆಚ್ಚು ಕಾಲ ಗೋಡೆಯಲ್ಲಿ ನಿಲ್ಲುತ್ತದೆ.

ಹಂಚಿಕೊಂಡು ಗೌರವಿಸುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಅಮೆರಿಕದ ಸೆನೆಟ್‌ನದು. ಅಲ್ಲಿ 1896ರಿಂದ ಪ್ರತಿ ವರ್ಷ ಫೆಬ್ರವರಿಯಲ್ಲಿ, ಜಾರ್ಜ್ ವಾಷಿಂಗ್ಟನ್ ಹುಟ್ಟುಹಬ್ಬದ ಹೊತ್ತಿಗೆ, ಅವರ ವಿದಾಯ ಸಂದೇಶವನ್ನು ಒಬ್ಬ ಸೆನೆಟರ್ ಪೂರ್ತಿ ಓದುತ್ತಾರೆ. ಒಂದು ವರ್ಷ ಒಂದು ಪಕ್ಷದವರು, ಮರುವರ್ಷ ಇನ್ನೊಂದು ಪಕ್ಷದವರು. ಓದಿದವರು ಒಂದು ಪುಸ್ತಕದಲ್ಲಿ ಸಹಿ ಮಾಡಿ, ನಾಲ್ಕು ಮಾತು ಬರೆದಿಡುತ್ತಾರೆ. ಹಾರ ಇಲ್ಲ, ಮೊಳೆ ಇಲ್ಲ. ಸತ್ತವರ ಮಾತನ್ನೇ ಇದ್ದವರು ಕೂತು ಕೇಳುವುದು. ಕೇಳಲು ಬರುವವರು ಕಡಿಮೆಯಂತೆ, ಅದು ಬೇರೆ ವಿಷಯ.

ಈಗ ಮಕ್ಕಳ ಕಡೆ ಬರೋಣ. ನಮ್ಮ ಸದನದಲ್ಲಿ ಮಕ್ಕಳಿಗೆ ಇರುವ ಜಾಗ ಗ್ಯಾಲರಿ ಮಾತ್ರ. ಅಲ್ಲಿ ಕೂತವರನ್ನು ಉದ್ದೇಶಿಸಿ ಸದಸ್ಯರು ಮಾತಾಡುವಂತಿಲ್ಲ, ಇದು ಸಂಸದೀಯ ನಿಯಮ. ಯಾವ ಮಾತಿದ್ದರೂ ಸಭಾಧ್ಯಕ್ಷರ ಪೀಠಕ್ಕೆ ಹೇಳಬೇಕು. ಇಲ್ಲದಿದ್ದರೆ ಪ್ರತಿಯೊಬ್ಬ ಶಾಸಕರೂ ತಮ್ಮ ಊರಿನಿಂದ ಬಂದವರ ಕಡೆ ತಿರುಗಿ ಭಾಷಣ ಹೊಡೆಯುತ್ತಾರೆ! ಗ್ಯಾಲರಿಯಲ್ಲಿರುವ ಅತಿಥಿಗಳ ಹೆಸರು ಹೇಳಿ ಸ್ವಾಗತಿಸುವುದಿದ್ದರೆ ಅದನ್ನು ಪೀಠದಿಂದಲೇ ಮಾಡಬೇಕು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಇದು ತಿರುಗುಮುರುಗು. ಅಲ್ಲಿ ಸದಸ್ಯರೇ ಎದ್ದು, ನಮ್ಮೂರಿನ ಶಾಲೆಯ ತಂಡ ಗೆದ್ದು ಬಂದಿದೆ ಅಂತ ಪರಿಚಯಿಸುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಅಭಿನಂದನಾ ನಿರ್ಣಯವೂ ಆಗುತ್ತದೆ. ನೋಡಲು ಚಂದ. ಮನೆಯವರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅದಾದ ಮೇಲೆ ಆ ಶಾಲೆಗೆ ಏನಾಯಿತು ಅಂತ ಆ ನಿರ್ಣಯದಿಂದ ತಿಳಿಯುವುದಿಲ್ಲ.

ರಾಜಸ್ಥಾನ ವಿಧಾನಸಭೆ 2021ರ ನವೆಂಬರ್ 14ರಂದು ಬೇರೆ ಪ್ರಯತ್ನ ಮಾಡಿತು. ಬೇರೆ ಬೇರೆ ರಾಜ್ಯದ ಮಕ್ಕಳನ್ನು ಕರೆಸಿ, ಸದನದ ಸೀಟಿನಲ್ಲೇ ಕೂರಿಸಿ, ಮಕ್ಕಳ ಅಧಿವೇಶನ ನಡೆಸಿತು. ಸಭಾಧ್ಯಕ್ಷರು, ಮಂತ್ರಿಗಳು, ವಿರೋಧ ಪಕ್ಷ ಎಲ್ಲ ಮಕ್ಕಳೇ. ಪ್ರಶ್ನೋತ್ತರವೂ ನಡೆಯಿತು. ನನಗೆ ಇದು ಸನ್ಮಾನಕ್ಕಿಂತ ಒಳ್ಳೆಯದು ಅನಿಸುತ್ತದೆ. ಒಂದು ಕೊರತೆ ಮಾತ್ರ ಇದೆ: ಮಕ್ಕಳ ಪ್ರಶ್ನೆಗೆ ಮಕ್ಕಳ ಮಂತ್ರಿಯೇ ಉತ್ತರ ಕೊಡುತ್ತಾರೆ. ಅದಕ್ಕೆ ಯಾವ ಇಲಾಖೆಯೂ ಕಟ್ಟುಬೀಳುವುದಿಲ್ಲ.

ಹಾಗಾದರೆ ಕಟ್ಟುಬೀಳುವ ದಾರಿ ಯಾವುದು? ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ. ನಮ್ಮ ಕಡೆಯ ವಿಷಯವನ್ನೇ ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ಘಟ್ಟದ ಮೇಲಿನ ಮಕ್ಕಳು ಹಳ್ಳ ದಾಟುವುದು ಕಾಲುಸಂಕದ ಮೇಲೆ. ಅಡಿಕೆ ಮರದ ಎರಡು ದಬ್ಬೆ, ಹಿಡಿಯಲು ಒಂದು ಬಳ್ಳಿ ಅಥವಾ ಹಗ್ಗ, ಕೆಳಗೆ ಕೆಂಪು ನೀರು. ಇದಕ್ಕಾಗಿ ಲೋಕೋಪಯೋಗಿ ಇಲಾಖೆಯಲ್ಲಿ ಶಾಲಾ ಸಂಪರ್ಕ ಸೇತು ಎಂಬ ಯೋಜನೆ ಬಂತು. ಪ್ರಶ್ನೆ ಬರೆಯುವ ರೀತಿ ಹೀಗೆ:

‘ಲೋಕೋಪಯೋಗಿ ಸಚಿವರು ದಯಮಾಡಿ ತಿಳಿಸುವರೇ: (ಅ) ಶಿರಸಿ ಮತ್ತು ಸಿದ್ದಾಪುರ ತಾಲ್ಲೂಕುಗಳಲ್ಲಿ ಶಾಲಾ ಮಕ್ಕಳು ಬಳಸುತ್ತಿರುವ ಕಾಲುಸಂಕಗಳೆಷ್ಟು, (ಆ) ಶಾಲಾ ಸಂಪರ್ಕ ಸೇತು ಯೋಜನೆಯಡಿ ಈ ತಾಲ್ಲೂಕುಗಳಿಗೆ ಮಂಜೂರಾದ ಸೇತುವೆಗಳೆಷ್ಟು, ಪೂರ್ಣಗೊಂಡಿದ್ದೆಷ್ಟು, (ಇ) ಉಳಿದವು ಯಾವ ಕಾಲಮಿತಿಯಲ್ಲಿ ಪೂರ್ಣಗೊಳ್ಳುವವು?’

ಭಾವುಕತೆ ಇಲ್ಲ, ವಿಶೇಷಣ ಇಲ್ಲ. ಪುಟಾಣಿಗಳು, ನಾಳಿನ ಪ್ರಜೆಗಳು ಅಂತ ಒಂದು ಮಾತೂ ಇಲ್ಲ. ಆದರೆ ಈ ಪ್ರಶ್ನೆ ಅಂಗೀಕಾರವಾದರೆ ಇಲಾಖೆ ಕೆಳಗಿನ ಕಚೇರಿಯವರೆಗೂ ಪತ್ರ ಬರೆದು ಲೆಕ್ಕ ತರಿಸಬೇಕು. ಉತ್ತರವನ್ನು ಸದನದಲ್ಲಿ ಕೊಡಬೇಕು. ಅಲ್ಲೇ ಎದ್ದು ಉಪಪ್ರಶ್ನೆ ಕೇಳಬಹುದು. ಮಂತ್ರಿ ಭರವಸೆ ಕೊಟ್ಟರೆ, ಅದು ಈಡೇರಿತೋ ಇಲ್ಲವೋ ನೋಡುವುದಕ್ಕೆ ಸದನದ ಭರವಸೆಗಳ ಸಮಿತಿ ಇದೆ. ಸನ್ಮಾನದ ಶಾಲಿಗೆ ಇಂಥ ಸಮಿತಿ ಇಲ್ಲ ನೋಡಿ.

ಈ ಪ್ರಶ್ನೆಯನ್ನು ಮಕ್ಕಳೇ ಬರೆಯಬಹುದು. ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಬಂದ ಬೇಡಿಕೆಯಲ್ಲಿ ಪಂಚಾಯಿತಿಯ ಕೈಮೀರಿದ್ದನ್ನು ಆರಿಸಿ, ಮೇಲಿನ ನಮೂನೆಯಲ್ಲಿ ಬರೆದು, ನಿಮ್ಮ ಕ್ಷೇತ್ರದ ಶಾಸಕರಿಗೆ ಕೊಡಿ. ಜಿಲ್ಲೆಯಲ್ಲಿ ಆರು ಕ್ಷೇತ್ರಗಳಿವೆ: ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ. ಮಂತ್ರಿಯಾದವರು ಪ್ರಶ್ನೆ ಕೇಳುವಂತಿಲ್ಲ, ಆಗ ಪಕ್ಕದ ಕ್ಷೇತ್ರದವರನ್ನೋ ವಿಧಾನ ಪರಿಷತ್ ಸದಸ್ಯರನ್ನೋ ಹಿಡಿಯಬೇಕು. ಪ್ರಶ್ನೆಯ ಸೂಚನೆಯನ್ನು ಸಾಕಷ್ಟು ದಿನ ಮೊದಲೇ ಕೊಟ್ಟಿರಬೇಕಾಗುತ್ತದೆ. ಹಾಗಾಗಿ ಡಿಸೆಂಬರ್ ಅಧಿವೇಶನಕ್ಕೆ ಬೇಕಿದ್ದರೆ ನವೆಂಬರ್ ಮೊದಲ ವಾರವೇ ಕಾಗದ ಅವರ ಕೈ ಸೇರಲಿ. ಮಕ್ಕಳ ದಿನಾಚರಣೆ ಮುಗಿಸಿ ನಿಧಾನಕ್ಕೆ ಕೊಟ್ಟರೆ ತಡವಾಗಬಹುದು.

ಡಿಸೆಂಬರ್‌ನಲ್ಲಿ ಬೆಳಗಾವಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಅಲ್ಲೇ ಒಂದು ಕೆಲಸ ಮಾಡಿ. ನಮಗೆ ಬೆಂಗಳೂರಿಗಿಂತ ಬೆಳಗಾವಿ ಹತ್ತಿರ, ಅಧಿವೇಶನದ ದಿನಗಳಲ್ಲಿ ಸುವರ್ಣ ವಿಧಾನಸೌಧಕ್ಕೆ ಶಾಲೆಗಳ ಬಸ್ಸು ಸಾಲುಗಟ್ಟಿ ಬರುತ್ತವೆ. ಪಾಸ್ ಕೇಳುವಾಗ ಪ್ರಶ್ನೋತ್ತರದ ವೇಳೆಯನ್ನೇ ಕೇಳಿ. ಮಕ್ಕಳಿಗೆ ಗ್ಯಾಲರಿಯಲ್ಲಿ ಸಿಗುವುದು ಸ್ವಲ್ಪವೇ ಹೊತ್ತು. ಮಧ್ಯಾಹ್ನ ಊಟದ ನಂತರದ ಪಾಸ್ ಸಿಕ್ಕಿದರೆ ಅರ್ಧ ಖಾಲಿ ಕುರ್ಚಿಗಳನ್ನು ನೋಡಿಕೊಂಡು ಬರಬೇಕಾದೀತು.