ಏಳು ಅಕ್ಷರಗಳ ಲೆಕ್ಕ

ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆ ಎಡಗೈಯಲ್ಲಿ ಒಂದು ಫಲಕ ಹಿಡಿದಿದೆ. ಅದರ ಮೇಲಿರುವುದು ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ದಿನಾಂಕ. ಇಸವಿಯ ಜಾಗದಲ್ಲಿ ಎಂ-ಡಿ-ಸಿ-ಸಿ-ಎಲ್-ಎಕ್ಸ್-ಎಕ್ಸ್-ವಿ-ಐ ಎಂಬ ಒಂಬತ್ತು ಅಕ್ಷರಗಳಿವೆ, ಇವೇ ರೋಮನ್ ಅಂಕಿಗಳು. ನೋಡಲು ಗಾಬರಿಯಾದರೂ ಓದಲು ಬೇಕಾದದ್ದು ಕೂಡುವ ಲೆಕ್ಕ ಮಾತ್ರ. ಐ ಎಂದರೆ 1, ವಿ 5, ಎಕ್ಸ್ 10, ಎಲ್ 50, ಸಿ 100, ಡಿ 500, ಎಂ 1000. ಎಡದಿಂದ ಕೂಡುತ್ತಾ ಬನ್ನಿ: 1000, 1500, 1600, 1700, 1750, 1760, 1770, 1775, 1776.

ಅದೇ ಫಲಕದಲ್ಲಿ ಜುಲೈ 4ರ ನಾಲ್ಕನ್ನು ಐ-ವಿ ಎಂದು ಬರೆದಿದ್ದಾರೆ. ಇಲ್ಲಿ ಕೂಡಿದರೆ ಆರಾಗಿಬಿಡುತ್ತದೆ. ಚಿಕ್ಕ ಅಕ್ಷರ ದೊಡ್ಡದರ ಎಡಕ್ಕೆ ಬಂದರೆ ಅದನ್ನು ಕಳೆಯಬೇಕು, ಬಲಕ್ಕೆ ಬಂದರೆ ಕೂಡಬೇಕು. ಹಾಗೆಂದು ಯಾವುದರಿಂದ ಯಾವುದನ್ನು ಬೇಕಾದರೂ ಕಳೆಯುವಂತಿಲ್ಲ. ಐ ನಿಲ್ಲುವುದು ವಿ, ಎಕ್ಸ್‌ಗಳ ಎಡಕ್ಕೆ. ಎಕ್ಸ್ ನಿಲ್ಲುವುದು ಎಲ್, ಸಿಗಳ ಎಡಕ್ಕೆ. ಸಿ ನಿಲ್ಲುವುದು ಡಿ, ಎಂಗಳ ಎಡಕ್ಕೆ. 4, 9, 40, 90, 400, 900 ಎಂಬ ಈ ಆರು ಜೋಡಿಗಳನ್ನು ಬಿಟ್ಟರೆ ಉಳಿದದ್ದೆಲ್ಲ ಸಂಕಲನವೇ.

ಬರೆಯುವಾಗ ಸಾವಿರ, ನೂರು, ಹತ್ತು, ಬಿಡಿ ಎಂದು ಬಿಡಿಸಿಕೊಂಡರೆ ಎಡವುವುದಿಲ್ಲ. 1999 ಬೇಕೆನ್ನಿ. ಸಾವಿರಕ್ಕೆ ಎಂ, ಒಂಬೈನೂರಕ್ಕೆ ಸಿ-ಎಂ, ತೊಂಬತ್ತಕ್ಕೆ ಎಕ್ಸ್-ಸಿ, ಒಂಬತ್ತಕ್ಕೆ ಐ-ಎಕ್ಸ್. ಸೇರಿಸಿದರೆ ಎಂ-ಸಿ-ಎಂ-ಎಕ್ಸ್-ಸಿ-ಐ-ಎಕ್ಸ್. ಎರಡು ಸಾವಿರಕ್ಕೆ ಒಂದು ಕಡಿಮೆ ಎಂದು ಎಂ-ಐ-ಎಂ ಬರೆದು ಕೈತೊಳೆದುಕೊಳ್ಳುವ ಆಸೆ ಯಾರಿಗಾದರೂ ಆಗುತ್ತದೆ, ಆದರೆ ಆ ಜೋಡಿ ಮೇಲಿನ ಆರರಲ್ಲಿಲ್ಲ. ಐ, ಎಕ್ಸ್, ಸಿ, ಎಂ ಸತತವಾಗಿ ಮೂರು ಬಾರಿಯವರೆಗೆ ಬರಬಹುದು. ವಿ, ಎಲ್, ಡಿಗಳನ್ನು ಎರಡು ಸಲ ಬರೆಯುವ ಪ್ರಶ್ನೆಯೇ ಇಲ್ಲ, ಎರಡು ವಿ ಸೇರಿದರೆ ಒಂದು ಎಕ್ಸ್ ಆಯಿತಲ್ಲ!

ಪಠ್ಯಪುಸ್ತಕಗಳು ಇಷ್ಟು ಕಟ್ಟುನಿಟ್ಟಾಗಿ ಹೇಳುವ ಈ ನಿಯಮಗಳನ್ನು ರೋಮನ್ನರೇ ಅಷ್ಟಾಗಿ ಲೆಕ್ಕಕ್ಕಿಟ್ಟಿರಲಿಲ್ಲ. ರೋಮಿನ ಕೊಲೋಸಿಯಂನ ಕಮಾನು ಬಾಗಿಲುಗಳ ಮೇಲೆ ಕೆತ್ತಿದ ಕೆಲವು ಸಂಖ್ಯೆಗಳು ಇಂದಿಗೂ ಉಳಿದಿವೆ. 44ನೇ ಬಾಗಿಲಿನ ಮೇಲೆ ಎಕ್ಸ್-ಎಲ್-ಐ-ಐ-ಐ-ಐ ಎಂದಿದೆ. ಒಂದೇ ಸಂಖ್ಯೆಯಲ್ಲಿ ನಲವತ್ತನ್ನು ಕಳೆದು ಬರೆದಿದ್ದಾರೆ, ನಾಲ್ಕನ್ನು ಕೂಡಿ ಬರೆದಿದ್ದಾರೆ. ಕ್ರಿ.ಶ. 9ರಲ್ಲಿ ಜರ್ಮನ್ ಬುಡಕಟ್ಟುಗಳ ಎದುರಿನ ಯುದ್ಧದಲ್ಲಿ ಮಡಿದ ಮಾರ್ಕಸ್ ಕೇಲಿಯಸ್ ಎಂಬ ಸೇನಾನಿಯ ಸ್ಮಾರಕಶಿಲೆಯಲ್ಲಿ ಅವನ 18ನೇ ಲೀಜನ್ನಿನ (ರೋಮನ್ ಸೇನಾದಳದ) ಸಂಖ್ಯೆ ಎಕ್ಸ್-ಐ-ಐ-ಎಕ್ಸ್. ಇಂದಿನ ಪರೀಕ್ಷೆಯಲ್ಲಿ ಹೀಗೆ ಬರೆದರೆ ಸೊನ್ನೆ ಗ್ಯಾರಂಟಿ. ಲಂಡನ್ನಿನ ಅಡ್ಮಿರಾಲ್ಟಿ ಆರ್ಚ್ ಎಂಬ ಕಮಾನು ಕಟ್ಟಡದ ಮೇಲಂತೂ 1910ರ ಇಸವಿಗಾಗಿ ಸಾಲಾಗಿ ನಾಲ್ಕು ಸಿಗಳನ್ನು ಕೆತ್ತಿದ್ದಾರೆ.

ಈ ಸಡಿಲುತನದಿಂದ ರೋಮನ್ನರ ವ್ಯವಹಾರ ಕೆಡಲಿಲ್ಲ. ರೋಮನ್ನರು ಲೆಕ್ಕ ಮಾಡುತ್ತಿದ್ದದ್ದು ಮಣಿಚೌಕಟ್ಟಿನ ಮೇಲೆ ಅಥವಾ ಹರಳುಗಳನ್ನು ಸರಿಸುವ ಹಲಗೆಯ ಮೇಲೆ. ಬಂದ ಉತ್ತರವನ್ನು ದಾಖಲಿಸಲಷ್ಟೇ ಈ ಅಕ್ಷರಗಳು. ನಾಲ್ಕು ಹರಳು ಕಂಡಾಗ ನಾಲ್ಕು ಗೆರೆ ಎಳೆಯುವುದೇ ಸಹಜ.

ಗೋಡೆ ಗಡಿಯಾರಗಳು ಆ ಹಳೆಯ ಚಾಳಿಯನ್ನು ಇನ್ನೂ ಬಿಟ್ಟಿಲ್ಲ. ರೋಮನ್ ಅಂಕಿಗಳಿರುವ ಬಹುತೇಕ ಗಡಿಯಾರಗಳಲ್ಲಿ ನಾಲ್ಕು ಗಂಟೆಯ ಜಾಗದಲ್ಲಿ ನಾಲ್ಕು ಗೆರೆಗಳೇ ಇರುತ್ತವೆ, ಒಂಬತ್ತು ಮಾತ್ರ ಐ-ಎಕ್ಸ್. ಹೀಗೆ ಬರೆದಾಗ ಮೊದಲ ನಾಲ್ಕು ಗಂಟೆಗಳಲ್ಲಿ ಬರೀ ಐ, ನಂತರದ ನಾಲ್ಕರಲ್ಲಿ ವಿ, ಕೊನೆಯ ನಾಲ್ಕರಲ್ಲಿ ಎಕ್ಸ್ ಬಂದು ಮುಖಕ್ಕೊಂದು ಅಂದ ಬರುತ್ತದೆ. ಲಂಡನ್ನಿನ ಬಿಗ್ ಬೆನ್ ಗಡಿಯಾರ ಇದಕ್ಕೆ ಅಪವಾದ, ಅಲ್ಲಿ ಐ-ವಿ ಇದೆ.

ಈ ಏಳು ಅಕ್ಷರಗಳಿಂದ ನಿಯಮಬದ್ಧವಾಗಿ ಬರೆಯಬಹುದಾದ ಅತಿದೊಡ್ಡ ಸಂಖ್ಯೆ 3999. ಅದರಾಚೆಗೆ ಅಕ್ಷರದ ತಲೆಯ ಮೇಲೆ ಅಡ್ಡಗೆರೆ ಎಳೆದು ಸಾವಿರಪಟ್ಟು ಎಂದು ಸೂಚಿಸುವ ಪದ್ಧತಿ ಇದೆ. ಸಂಖ್ಯೆ ದೊಡ್ಡದಾದಷ್ಟೂ ಬರಹ ಉದ್ದವಾಗುತ್ತದೆ ಎಂಬ ನೇಮವೂ ಇಲ್ಲ: 2000ಕ್ಕೆ ಎರಡೇ ಎಂಗಳು ಸಾಕು, 1888ಕ್ಕೆ ಹದಿಮೂರು ಅಕ್ಷರ ಬೇಕು. ಅದನ್ನು ಮೀರಿಸುವ ಇಸವಿ ಬರುವುದು 2888ರಲ್ಲಿ.