ಮೇನ್ ಸ್ವಿಚ್ಚಿನ ಮೇಲ್ಗಡೆ

"ಮನೆ ನಂದು, ಗೋಡೆ ನಂದು, ಮೀಟರಿಗೆ ದುಡ್ಡು ಕಟ್ಟಿದವನೂ ನಾನೇ. ಮುಟ್ಟಿದ್ರೆ ಏನ್ ತಪ್ಪು ಸಾರ್?" ಹೀಗೆ ಕೇಳುವವರು ಕೇಳುವ ಹೊತ್ತಿಗೆ ಸಾಮಾನ್ಯವಾಗಿ ಮುಟ್ಟಿಯೇ ಇರುತ್ತಾರೆ.

ನಿಮ್ಮದೆಲ್ಲಿ ಶುರು, ಕರೆಂಟ್ ಕೊಡುವ ಪೂರೈಕೆದಾರರದ್ದೆಲ್ಲಿ ಮುಗಿಯಿತು ಎಂಬ ಗಡಿ, ಗೋಡೆ ಯಾರದ್ದು ಎಂಬುದರ ಮೇಲೆ ನಿಂತಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳ ಪ್ರಕಾರ ಪೂರೈಕೆ ಶುರುವಾಗುವ ಜಾಗ ಎಂದರೆ ಗ್ರಾಹಕ ಹಾಕಿಸಿದ ಸ್ವಿಚ್‌ಗೇರಿನ ಇನ್‌ಕಮಿಂಗ್ ಟರ್ಮಿನಲ್. (2023ರಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮಾವಳಿ ಬಂದಿದೆ, ತಕರಾರಿದ್ದರೆ ಅದನ್ನೇ ನೋಡಿ.) ಅಂದರೆ ಕಾಂಪೌಂಡಲ್ಲ, ಕಂಬವಲ್ಲ, ನಿಮ್ಮ ಮೇನ್ ಸ್ವಿಚ್ಚಿಗೆ ವೈರ್ ಬಂದು ಕೂರುವ ಆ ಸ್ಕ್ರೂ. ಅದರಿಂದ ಈಚೆಗಿನದ್ದು ನಿಮ್ಮದು. ಆಚೆಗಿರುವ ಸರ್ವಿಸ್ ವೈರ್ (ಹೊರಗಿನ ಲೈನಿನಿಂದ ಮನೆಗೆ ಬರುವ ತಂತಿ), ಕಟೌಟ್ (ಪೂರೈಕೆದಾರರ ಫ್ಯೂಸ್ ಪೆಟ್ಟಿಗೆ), ಮೀಟರು ನಿಮ್ಮ ಮನೆಯೊಳಗೇ ಇದ್ದರೂ ಅವನ್ನು ಸುಸ್ಥಿತಿಯಲ್ಲಿಡುವ ಹೊಣೆ ಪೂರೈಕೆದಾರರದ್ದು. ಅವು ಜೋಪಾನವಾಗಿರುವಂತೆ ನೋಡಿಕೊಳ್ಳುವುದಷ್ಟೇ ನಿಮ್ಮ ಪಾಲು. ಕಾಯಬೇಕು, ಬಿಚ್ಚಬಾರದು. ಮೀಟರನ್ನು ನೀವೇ ಕೊಂಡು ತಂದಿದ್ದರೂ ಅಷ್ಟೇ, ಸೀಲ್ ಹಾಕುವವರು ಅವರೇ. ಎಚ್‌ಟಿ, ಅಂದರೆ ಹೈಟೆನ್ಷನ್ ಸಂಪರ್ಕದವರ ಲೆಕ್ಕ ಬೇರೆ, ಅದು ಇಲ್ಲಿ ಬೇಡ.

ಒಂದು ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಫೋನ್ ಮಾಡಿ, ಮೀಟರ್ ರೂಮಿನಿಂದ ಸುಟ್ಟ ವಾಸನೆ ಬರುತ್ತಿದೆ ಎಂದರು. ಹೋಗಿ ನೋಡಿದರೆ ಮುರಿದ ಕುರ್ಚಿ, ವಾಚ್‌ಮನ್ ಹಾಸಿಗೆ, ರದ್ದಿಗೆಂದು ಕಟ್ಟಿಟ್ಟ ಪೇಪರ್ ಕಟ್ಟುಗಳು. ಅವುಗಳ ನಡುವೆ ಅವರ ಖಾಯಂ ಎಲೆಕ್ಟ್ರಿಷಿಯನ್, ಒಳ್ಳೆ ಹುಡುಗ, ಸೀಲ್ ಕಿತ್ತು ಕಟೌಟಿಗೆ ಸ್ಕ್ರೂಡ್ರೈವರ್ ಹಾಕುವುದರಲ್ಲಿದ್ದ. ಸಡಿಲವಾದ ಟರ್ಮಿನಲ್ ಕಾದು, ವೈರಿನ ತುದಿಗೆ ಹಾಕುವ ಲೋಹದ ಲಗ್ಗು ನೀಲಿಗಟ್ಟಿತ್ತು. ರೋಗ ಅವನು ಸರಿಯಾಗಿಯೇ ಹಿಡಿದಿದ್ದ.

"ಮೇನ್ ಆಫ್ ಮಾಡಿದ್ದೀನಿ ಸಾರ್."

ಈ ಒಂದು ಮಾತಿಗೆ ನನಗೆ ಮೈಯೆಲ್ಲ ಉರಿಯುತ್ತದೆ. ಕಟೌಟ್ ಇರುವುದು ಮೇನ್‌ಗಿಂತ ಮೇಲ್ಗಡೆ, ಅಂದರೆ ಕರೆಂಟ್ ಬರುವ ಕಡೆ. ಮೇನ್ ಆಫ್ ಮಾಡಿದರೆ ಅದರ ಕೆಳಗಿನದ್ದು ಸಾಯುತ್ತದೆ, ಮೇಲಿನದ್ದು ಸಾಯುವುದಿಲ್ಲ. ಅದನ್ನು ಸಾಯಿಸಲು ಲೈನ್‌ಮ್ಯಾನ್ ಬಂದು ಆಚೆಯಿಂದಲೇ ಕತ್ತರಿಸಬೇಕು. ನಾನು ಕಟೌಟಿನ ತುದಿಗೆ ಟೆಸ್ಟರ್ ಇಟ್ಟೆ. ದೀಪ ಹತ್ತಿತು. ಹುಡುಗ ಏನೂ ಹೇಳದೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತ.

ಲೈನ್‌ಮ್ಯಾನ್ ತಡವಾಗಿ ಬರುತ್ತಾರೆ ಎಂಬ ನಿಮ್ಮ ದೂರು ಸುಳ್ಳಲ್ಲ, ನಾನೂ ಕಾದಿದ್ದೇನೆ. ಆದರೂ ಸೀಲ್ ನೀವು ಕಿತ್ತರೆ, ಆಚೆಯವರ ತಪ್ಪಿಗೂ ನೀವೇ ಉತ್ತರ ಹೇಳುತ್ತಾ ಕೂರಬೇಕಾದೀತು. ಮೀಟರಿಗೆ ಕೈಹಾಕಿದ್ದು ಸಾಬೀತಾದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 138ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು ಇದೆ. ಎಲ್ಲರಿಗೂ ಹಾಗಾಗುತ್ತದೆ ಎನ್ನುತ್ತಿಲ್ಲ. ಬರವಣಿಗೆಯಲ್ಲಿ ದೂರು ಕೊಡಿ, ನಂಬರ್ ಇಟ್ಟುಕೊಳ್ಳಿ, ಸುಟ್ಟ ಜಾಗದ ಫೋಟೊ ದೂರದಿಂದ ತೆಗೆಯಿರಿ. ಹೊಗೆಯೋ ಕಿಡಿಯೋ ಕಂಡರೆ ಜನರನ್ನು ಹೊರಗೆ ಕಳಿಸಿ ತುರ್ತು ನಂಬರಿಗೆ ಫೋನ್ ಮಾಡಿ.

ಸಂಜೆ ಲೈನ್‌ಮ್ಯಾನ್ ಬಂದು ಕಟೌಟ್ ಬದಲಿಸಿದ. ಕಿತ್ತ ಸೀಲಿನ ಬಗ್ಗೆ ಕಾರ್ಯದರ್ಶಿ ಪತ್ರ ಬರೆದುಕೊಟ್ಟರು. ಮುಂದಿನ ತಿಂಗಳು ಬೇರೆ ಕೆಲಸಕ್ಕೆ ಅಲ್ಲಿಗೆ ಹೋದಾಗ ಪೇಪರ್ ಕಟ್ಟುಗಳು ಅಲ್ಲೇ ಇದ್ದವು, ಎರಡು ಹೆಚ್ಚೇ ಆಗಿದ್ದವು.