ಮಲ್ಲಿಗೆ ಕಟ್ಟುವ ಕೈಗೆ ಎಷ್ಟು ಅಂಕ? ಆಕ್ಯುಪೇಷನಲ್ ಥೆರಪಿಯಲ್ಲಿ ಪಿಎಚ್‌ಡಿ ಬಂದ ದಾರಿ

ಅಕ್ಕನ ಮಗಳು ಮಣಿಪಾಲದಲ್ಲಿ ಪಿಎಚ್‌ಡಿಗೆ ಸೇರಿದ್ದಾಳೆ ಅಂತ ಒಂದು ಮದುವೆಮನೆಯಲ್ಲಿ ಹೇಳಿದೆ. ಎಲ್ಲರಿಗೂ ಖುಷಿ. ಯಾವುದರಲ್ಲಿ ಅಂತ ಕೇಳಿದರು. ಓಟಿಯಲ್ಲಿ ಅಂದೆ. "ಆಪರೇಷನ್ ಥಿಯೇಟರಾ?" ಅಲ್ಲ, ಆಕ್ಯುಪೇಷನಲ್ ಥೆರಪಿ. "ಓ, ಫಿಸಿಯೋದ ಹಾಗೆ. ಅದರಲ್ಲಿ ಪಿಎಚ್‌ಡಿ ಮಾಡಲಿಕ್ಕೆ ಏನುಂಟು?"

ಕೇಳಿದವರದ್ದು ತಪ್ಪಲ್ಲ. ದೊಡ್ಡಮ್ಮನಿಗೆ ಸ್ಟ್ರೋಕ್ ಆಗುವವರೆಗೆ ನನಗೂ ಗೊತ್ತಿರಲಿಲ್ಲ.

ದೊಡ್ಡಮ್ಮ ಇರುವುದು ಉಡುಪಿ ಹತ್ತಿರದ ಶಂಕರಪುರದಲ್ಲಿ. ಬಲಗೈಯ ಸ್ವಾಧೀನ ಹೋಗಿತ್ತು. ಮೊದಲು ಸೇರಿಸಿದ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಫಿಸಿಯೋ ಮಾಡಿಸಿ ಅಂದರು, ಅಷ್ಟೇ. ನಿಧಾನಕ್ಕೆ ನಡೆಯಲಿಕ್ಕೆ ಶುರು ಮಾಡಿದರು. ಆದರೆ ಕೈಗೆ ಬೇರೆಯೇ ಒಂದು ಥೆರಪಿ ಇದೆ ಅಂತ ಯಾರೂ ಹೇಳಲಿಲ್ಲ. ಐದು ತಿಂಗಳು ಹಾಗೇ ಹೋಯಿತು, ನನಗೆ ಆ ಬೇಜಾರು ಇನ್ನೂ ಹೋಗಿಲ್ಲ. ಆಮೇಲೆ ಬೇರೆ ಕಡೆ ಕರೆದುಕೊಂಡು ಹೋದಾಗ ಒಬ್ಬಳು ಥೆರಪಿಸ್ಟ್ ಕೈಯನ್ನು ನೋಡುವ ಮೊದಲೇ ಕೇಳಿದಳು: "ಅಮ್ಮಾ, ಇದಕ್ಕೆ ಮೊದಲು ದಿನಾ ಏನು ಮಾಡ್ತಿದ್ರಿ?" ಮಲ್ಲಿಗೆ ಕಟ್ಟುತ್ತಿದ್ದೆ ಅಂದರು ದೊಡ್ಡಮ್ಮ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ, ಬೆಳಿಗ್ಗೆ ಹೂವಿನ ಗಾಡಿ ಬರುವ ಮೊದಲು ಮುಗಿಯಬೇಕು. ಮುಂದಿನ ಸಲ ಬರುವಾಗ ಬಾಳೆನಾರು ತನ್ನಿ ಅಂದಳು ಅವಳು.

ಇದೇ ಆಕ್ಯುಪೇಷನಲ್ ಥೆರಪಿ. ಇಲ್ಲಿ ಆಕ್ಯುಪೇಷನ್ ಅಂದರೆ ಸಂಬಳದ ಉದ್ಯೋಗ ಮಾತ್ರ ಅಲ್ಲ. ಸ್ನಾನ, ಊಟ, ಸೀರೆ ಉಡುವುದು, ಮಗುವಿಗಾದರೆ ಆಟ, ಎಲ್ಲವೂ ಬಂತು. ಕೆಲವರು ಬರೆಯುವ 'ಔದ್ಯೋಗಿಕ ಚಿಕಿತ್ಸೆ' ಅನ್ನುವ ಪದ ಸುಮ್ನೆ ದಾರಿ ತಪ್ಪಿಸುತ್ತದೆ. ಮನೆಕೆಲಸ, ಕೈಕೆಲಸ ಅಂತೀವಲ್ವಾ, ಆ 'ಕೆಲಸ'ವೇ ಇದಕ್ಕೆ ಜಾಸ್ತಿ ಹತ್ತಿರ.

ಈ ವೃತ್ತಿಯ ಸಂಘ ಹುಟ್ಟಿದ್ದು 1917ರ ಮಾರ್ಚ್‌ನಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಅನ್ನುವ ಸಣ್ಣ ಊರಲ್ಲಿ. ಕರೆದು ಕೂರಿಸಿದವರು ಜಾರ್ಜ್ ಬಾರ್ಟನ್. ಅವರು ಡಾಕ್ಟರ್ ಅಲ್ಲ, ಆರ್ಕಿಟೆಕ್ಟ್, ಸ್ವತಃ ಎಡಭಾಗಕ್ಕೆ ಲಕ್ವ ಹೊಡೆದು ಕೆಲಸ ಮಾಡುತ್ತ ಮಾಡುತ್ತ ಚೇತರಿಸಿಕೊಂಡವರು. ಜೊತೆಗೆ ಮನೋವೈದ್ಯ ವಿಲಿಯಂ ಡಂಟನ್, ಎಲೀನರ್ ಕ್ಲಾರ್ಕ್ ಸ್ಲ್ಯಾಗಲ್ ಮುಂತಾದವರಿದ್ದರು. ಅದೇ ವರ್ಷ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು, ಗಾಯಗೊಂಡ ಸೈನಿಕರ ಆರೈಕೆಯಲ್ಲಿ ಈ ಕೆಲಸ ಬೆಳೆಯಿತು. ಆದರೆ ರೋಗಿಗಳ ಕೈಗೆ ಇಂಥ ಕೈಕೆಲಸ ಕೊಡುತ್ತಿದ್ದರಿಂದ 'ಬುಟ್ಟಿ ಹೆಣೆಸುವವರು' ಅನ್ನುವ ಹೆಸರು ಅಂಟಿಕೊಂಡಿತು. ಇದರಿಂದ ಗುಣವಾಗುತ್ತದೆ ಅನ್ನುವುದಕ್ಕೆ ಪುರಾವೆ ಎಲ್ಲಿ ಅಂತ ವೈದ್ಯರು ಕೇಳಿದರು. ಪುರಾವೆ ಬೇಕಾದರೆ ಸಂಶೋಧನೆ ಬೇಕು, ಸಂಶೋಧನೆ ಮಾಡಲಿಕ್ಕೆ ಡಾಕ್ಟರೇಟ್ ಓದಿದವರು ಬೇಕು, ಆದರೆ ಈ ವಿಷಯದಲ್ಲಿ ಡಾಕ್ಟರೇಟೇ ಇರಲಿಲ್ಲ!

ಹಾಗಾಗಿ ಬೇರೆಯವರ ಮನೆಯಲ್ಲಿ ಕೂತು ಓದಬೇಕಾಯಿತು. ಇವತ್ತು ಉಡುಪಿ, ಮಂಗಳೂರಿನ ಮಕ್ಕಳ ಥೆರಪಿ ಸೆಂಟರುಗಳ ಬೋರ್ಡಿನಲ್ಲಿ 'ಸೆನ್ಸರಿ ಇಂಟಿಗ್ರೇಷನ್' ಅಂತ ಇರುತ್ತದಲ್ಲ (ಸ್ಪರ್ಶ, ಚಲನೆಯಂಥ ಇಂದ್ರಿಯಗಳ ಸುದ್ದಿಯನ್ನು ಮಿದುಳು ಹೊಂದಿಸಿಕೊಳ್ಳಲು ನೆರವಾಗುವ ಥೆರಪಿ), ಅದನ್ನು ಕಟ್ಟಿದವರು ಜೀನ್ ಏರ್ಸ್, ಆಕ್ಯುಪೇಷನಲ್ ಥೆರಪಿಸ್ಟ್. ಅವರ ಪಿಎಚ್‌ಡಿ ಮಾತ್ರ ಶೈಕ್ಷಣಿಕ ಮನೋವಿಜ್ಞಾನದಲ್ಲಿ, 1961ರಲ್ಲಿ. ಇನ್ನೊಬ್ಬ ಥೆರಪಿಸ್ಟ್ ಗ್ಯಾರಿ ಕೀಲ್‌ಹಾಫ್ನರ್, ಮನುಷ್ಯ ತನ್ನ ದಿನದ ಕೆಲಸಗಳಲ್ಲಿ ಹೇಗೆ ತೊಡಗುತ್ತಾನೆ ಅಂತ ವಿವರಿಸಿ 1980ರಲ್ಲಿ ಪ್ರಕಟಿಸಿದ ಮಾದರಿಯನ್ನು ಇವತ್ತೂ ಓಟಿ ಓದುವ ಹುಡುಗರು ಕಲಿಯುತ್ತಾರೆ. ಅವರ ಡಾಕ್ಟರೇಟ್ ಸಾರ್ವಜನಿಕ ಆರೋಗ್ಯದಲ್ಲಿ. ವೃತ್ತಿಯ ಸ್ವಂತ ಹೆಸರಿನಲ್ಲಿ ಪಿಎಚ್‌ಡಿ ಸಿಗತೊಡಗಿದ್ದು 1970ರ ದಶಕದಲ್ಲಿ, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ. 1989ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 'ಆಕ್ಯುಪೇಷನಲ್ ಸೈನ್ಸ್' ಅಂತಲೇ ಪಿಎಚ್‌ಡಿ ಶುರು ಮಾಡಿತು.

ಆಮೇಲೆ ಅಲ್ಲಿ ಇನ್ನೊಂದು ಡಾಕ್ಟರೇಟ್ ಬಂತು, ಓಟಿಡಿ. ಅದು ಸಂಶೋಧನೆಗಿಂತ ಚಿಕಿತ್ಸೆಯ ಕಡೆಗೆ ವಾಲಿದ ಪದವಿ. ಕೆಲಸಕ್ಕೆ ಇಳಿಯಲಿಕ್ಕೇ ಇದು ಕಡ್ಡಾಯ, 2027ರ ಜುಲೈಯಿಂದ ಜಾರಿ ಅಂತ ಅಲ್ಲಿನ ಮಾನ್ಯತಾ ಮಂಡಳಿ 2017ರಲ್ಲಿ ಹೇಳಿತು. ಖರ್ಚು ಯಾರು ಕೊಡುವುದು, ಪಾಠ ಮಾಡುವವರು ಎಲ್ಲಿದ್ದಾರೆ ಅಂತ ದೊಡ್ಡ ಗಲಾಟೆ ಆಯಿತು. 2019ರಲ್ಲಿ ಮಾಸ್ಟರ್ಸ್ ಆದರೂ ಸರಿ, ಡಾಕ್ಟರೇಟ್ ಆದರೂ ಸರಿ ಅಂತ ತೀರ್ಮಾನವಾಯಿತು. ಒಳ್ಳೆಯದೇ ಆಯಿತು ಅನ್ನುವುದು ನನ್ನ ಅಭಿಪ್ರಾಯ. ರೋಗಿಯ ಕೈ ಹಿಡಿಯಲಿಕ್ಕೇ ಡಾಕ್ಟರೇಟ್ ಬೇಕು ಅಂದರೆ ಬಡವರ ಮನೆಯ ಮಕ್ಕಳು ಈ ಕಡೆ ಬರುವುದೇ ಇಲ್ಲ.

ನಮ್ಮ ದೇಶಕ್ಕೆ ಇದನ್ನು ತಂದವರು ಕಮಲಾ ನಿಂಬ್ಕರ್. ಹುಟ್ಟಿದ್ದು ಅಮೆರಿಕದಲ್ಲಿ, ಎಲಿಜಬೆತ್ ಲಂಡಿ ಆಗಿ. ಮದುವೆಯಾಗಿ ಇಲ್ಲಿಗೆ ಬಂದು, ಮಧ್ಯದಲ್ಲಿ ವಾಪಸ್ ಹೋಗಿ ಥೆರಪಿ ಕಲಿತು, 1950ರಲ್ಲಿ ಬೊಂಬಾಯಿಯ ಕೆಇಎಂ ಆಸ್ಪತ್ರೆಯಲ್ಲಿ ಶಾಲೆ ತೆರೆದರು. 1952ರಲ್ಲಿ ಅಖಿಲ ಭಾರತ ಸಂಘ ಆಯಿತು. ಅದೇ ವರ್ಷ ಹುಟ್ಟಿದ ವಿಶ್ವ ಒಕ್ಕೂಟದ ಮೊದಲ 10 ಸದಸ್ಯ ದೇಶಗಳಲ್ಲಿ ಭಾರತವೂ ಒಂದು. ಶುರು ಇಷ್ಟು ಚೆನ್ನಾಗಿದ್ದರೂ ಇಡೀ ದೇಶಕ್ಕೆ ಅನ್ವಯವಾಗುವ ಕಾನೂನು ಬಂದಿದ್ದು 2021ರಲ್ಲಿ, ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಾಗಿ. ಅಲ್ಲಿಯವರೆಗೆ ಮಹಾರಾಷ್ಟ್ರ, ದೆಹಲಿಯಂಥ ಕಡೆ ಮಾತ್ರ ಇವರಿಗೆ, ಫಿಸಿಯೋದವರ ಜೊತೆ ಸೇರಿ, ರಾಜ್ಯದ ಕೌನ್ಸಿಲ್ ಇತ್ತು.

ಈಗ ನಮ್ಮ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಓಟಿಯ ಪದವಿ ಬಿಓಟಿ ಆಯಿತು, ಸ್ನಾತಕೋತ್ತರ ಎಂಓಟಿ ಆಯಿತು, ಈಗ ಮಣಿಪಾಲದಲ್ಲೇ ಪಿಎಚ್‌ಡಿ, ತನ್ನದೇ ವಿಷಯದಲ್ಲಿ. ಜೀನ್ ಏರ್ಸ್ ಅವರಿಗೆ ಸಿಗದ ಅನುಕೂಲ ಇದು. ಯುಜಿಸಿಯ 2022ರ ನಿಯಮದಂತೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಹೆಂಗಸರಿಗೆ 2 ವರ್ಷ ಹೆಚ್ಚು ಸಿಗಬಹುದು, ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದವರೆಗೆ ರಜೆಯೂ ಇದೆ. ಓಟಿಯಲ್ಲಿ ಹುಡುಗಿಯರೇ ಜಾಸ್ತಿ, ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ಪಿಎಚ್‌ಡಿ ಮಾಡಲಿಕ್ಕೆ ಏನುಂಟು ಅಂತ ಕೇಳಿದರಲ್ಲ, ಅವಳು ಹಿಡಿದ ವಿಷಯವನ್ನೇ ಉದಾಹರಣೆಯಾಗಿ ಹೇಳುತ್ತೇನೆ. ಸ್ಟ್ರೋಕ್ ಆದವರು ದಿನದ ಕೆಲಸವನ್ನು ಎಷ್ಟರ ಮಟ್ಟಿಗೆ ತಾವೇ ಮಾಡಿಕೊಳ್ಳುತ್ತಾರೆ ಅಂತ ಅಳೆಯಲು ಬಾರ್ತೆಲ್ ಇಂಡೆಕ್ಸ್ ಅಂತ ಒಂದು ಪಟ್ಟಿ ಇದೆ, 1965ರದ್ದು, ಪ್ರಪಂಚದ ಎಲ್ಲ ಕಡೆ ಬಳಸುತ್ತಾರೆ. ಒಟ್ಟು 100 ಅಂಕ. ಊಟದ ವಿಭಾಗದಲ್ಲಿ, ಕತ್ತರಿಸಲಿಕ್ಕೆ, ಬೆಣ್ಣೆ ಸವರಲಿಕ್ಕೆ ಸಹಾಯ ಬೇಕಾದರೆ 10ರ ಬದಲು 5. ನಮ್ಮ ದೊಡ್ಡಮ್ಮ ಹುಟ್ಟಿದಾಗಿನಿಂದ ಬ್ರೆಡ್ಡಿಗೆ ಬೆಣ್ಣೆ ಸವರಿದವರಲ್ಲ! ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ನೆಲದ ಮೇಲೆ ಕೂತು ಕೈಯಲ್ಲಿ ಊಟ. ಅನ್ನ ಕಲಸಿ, ತುತ್ತು ಮಾಡಿ, ಹೆಬ್ಬೆರಳಿನಿಂದ ಬಾಯಿಗೆ ತಳ್ಳುವುದಕ್ಕೆ ಬೆರಳುಗಳ ಬೇರೆಯೇ ಒಂದು ಲೆಕ್ಕ ಬೇಕು. ಕೈ ದಿನದ ಕೆಲಸಗಳನ್ನು ಎಷ್ಟು ಬೇಗ ಮಾಡುತ್ತದೆ ಅಂತ ನೋಡುವ ಜೆಬ್ಸನ್ ಪರೀಕ್ಷೆ 1969ರದ್ದು. ಅದರಲ್ಲಿ ಊಟ ಅಂದರೆ ಚಮಚದಲ್ಲಿ ಬೀನ್ಸ್ ಕಾಳು ಎತ್ತಿ ಹಾಕುವುದು. ಈ ಅಳತೆಗಳು ಕೆಟ್ಟವು ಅಂತಲ್ಲ, ಮಾಡಿದವರು ತಮ್ಮ ಊರಿನ ಊಟ ನೋಡಿ ಮಾಡಿದರು. ನಮ್ಮ ಊರಿನದ್ದನ್ನು ನಾವೇ ಮಾಡಬೇಕು. ಮಲ್ಲಿಗೆ ಕಟ್ಟುವವರು, ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುವವರು, ಬಲೆ ಹೆಣೆಯುವವರು, ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು, ಇವರಿಗೆ 'ಗುಣವಾಯಿತು' ಅಂದರೆ ಏನು ಅಂತ ಅಳೆಯಲಿಕ್ಕೆ ಬರಬೇಕಲ್ವಾ?

ಸುಮ್ನೆ ಬೆಣ್ಣೆ ತೆಗೆದು ಗಂಜಿ ಅಂತ ಬರೆದರೆ ಅದು ಸಂಶೋಧನೆ ಆಗುವುದಿಲ್ಲ. ಒಬ್ಬರೇ ರೋಗಿಯನ್ನು ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿದಾಗ ಅಂಕ ಹೊಂದುತ್ತದಾ, ವಾರ ಬಿಟ್ಟು ನೋಡಿದರೂ ಹೊಂದುತ್ತದಾ, ತುಳು ಮಾತಾಡುವವರಿಗೂ ಪ್ರಶ್ನೆ ಅದೇ ಅರ್ಥ ಕೊಡುತ್ತದಾ ಅಂತ ಒಂದೊಂದನ್ನೂ ಸಾಬೀತು ಮಾಡಬೇಕು. ಸಂಶೋಧನೆಯಿಂದ ರೋಗಿಗಳಿಗೆ ತೊಂದರೆ ಆಗದ ಹಾಗೆ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಗದೆ ಒಬ್ಬರೇ ಒಬ್ಬ ರೋಗಿಯನ್ನೂ ಕೇಳುವ ಹಾಗಿಲ್ಲ. ವರ್ಷಗಳು ಹೋಗುವುದು ಇದಕ್ಕೇ.

ಅಕ್ಕನ ಮಗಳು ಈಗ ಆ ಒಪ್ಪಿಗೆಗೆ ಕಾಯುತ್ತಿದ್ದಾಳೆ. ಪ್ರಶ್ನೆಗಳ ಮೊದಲ ಕರಡನ್ನು ದೊಡ್ಡಮ್ಮನ ಎದುರು ಓದಿದಳು, ಭಾಷೆ ಅರ್ಥವಾಗುತ್ತದಾ ನೋಡಲಿಕ್ಕೆ ಅಷ್ಟೇ. ಪೂರ್ತಿ ಕೇಳಿಸಿಕೊಂಡು ದೊಡ್ಡಮ್ಮ ಅಂದರು: "ಎಲ್ಲ ಸರಿ ಉಂಟು ಮಗಾ. ತಲೆಗೆ ಜಡೆ ಹಾಕಲಿಕ್ಕೆ ಆಗ್ತದಾ ಅಂತ ಕೇಳಲೇ ಇಲ್ಲ ಅಲ್ವಾ ನೀನು?" ಅವಳು ಪೆನ್ನು ತೆಗೆದು ಬರೆದುಕೊಂಡಳು.